ನಿಂತ ಬಿಸಿನೀರಿನ ಕಾವಲು: ಮನೆಯ ಹಾಟ್ ಟಬ್ ಆಯ್ಕೆ, ಖರೀದಿ ಮತ್ತು ಪಾಲನೆ

ನೀರು ತುಂಬುವ ಹಬ್ಬದ ಸಂಜೆ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಕೊರಳಿಗೆ ಹೂವಿನ ಮಾಲೆ ಕಟ್ಟಿ, ಹೊಸ ನೀರು ತುಂಬುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಸ್ನಾನವೆಂದರೆ ತಂಬಿಗೆಯಿಂದ ಸುರಿದುಕೊಂಡು ಹರಿಯಬಿಡುವ ನೀರು. ಮೈಮೇಲೆ ಬಿದ್ದ ನೀರು ಮೋರಿಯ ಮೂಲಕ ಬಾಳೆಯ ಪಾತಿಗೆ ಹೋಗುತ್ತಿತ್ತು. ಅದನ್ನು ಮತ್ತೆ ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಚಳಿಯ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಹಿತ್ತಲಿಗೊಂದು ಹಾಟ್ ಟಬ್, ಅಂದರೆ ಕೂತು ಮೈ ನೆನೆಸುವ ಬಿಸಿನೀರಿನ ತೊಟ್ಟಿ, ತರಿಸುವಾಗ ಮರೆಯುವುದು ಈ ವ್ಯತ್ಯಾಸವನ್ನೇ. ಈ ತೊಟ್ಟಿಯ ನೀರು ಮೂರು ತಿಂಗಳ ಕಾಲ ಅಲ್ಲೇ ನಿಂತಿರುತ್ತದೆ, ಅದೂ ರೋಗಾಣುಗಳಿಗೆ ಬಹಳ ಹಿತವಾದ ತಾಪದಲ್ಲಿ. ಆಸನಗಳೆಷ್ಟು, ನೀರು ಚಿಮ್ಮುವ ಜೆಟ್‌ಗಳೆಷ್ಟು, ದೀಪದ ಬಣ್ಣಗಳೆಷ್ಟು ಎಂದು ಎಣಿಸುವುದಕ್ಕಿಂತ, ಈ ನಿಂತ ನೀರನ್ನು ಬೆಚ್ಚಗೂ ಶುದ್ಧವಾಗಿಯೂ ಇಡುವುದು ಎಷ್ಟು ಸುಲಭ ಎಂದು ನೋಡಿ ಖರೀದಿಸುವುದೇ ಸರಿಯಾದ ಕ್ರಮ.

ಎಲ್ಲರೂ ಇದನ್ನು ಜಕೂಜಿ ಎಂದು ಕರೆದರೂ ಅದು ಒಂದು ಕುಟುಂಬದ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿ ಪಂಪು ತಯಾರಿಸುತ್ತಿದ್ದ ಜಕೂಜಿ ಕುಟುಂಬದವರು, ಸಂಧಿವಾತದಿಂದ ನರಳುತ್ತಿದ್ದ ಮನೆಯ ಹುಡುಗನಿಗಾಗಿ ಸ್ನಾನದ ತೊಟ್ಟಿಯೊಳಗೆ ಇಳಿಬಿಡುವ ಪಂಪೊಂದನ್ನು ರೂಪಿಸಿ 1956ರಲ್ಲಿ ಮಾರುಕಟ್ಟೆಗೆ ತಂದರು. ಜೆಟ್‌ಗಳನ್ನು ಒಳಗೇ ಕೂರಿಸಿದ ತೊಟ್ಟಿ ಬಂದದ್ದು 1968ರಲ್ಲಿ, ಅದೇ ಕುಟುಂಬದ ರಾಯ್ ಜಕೂಜಿಯವರಿಂದ. ಇಂದು ಹತ್ತಾರು ಕಂಪನಿಗಳು ಇಂಥ ತೊಟ್ಟಿಗಳನ್ನು ಮಾಡುತ್ತವೆ.

ಅಂಗಡಿಗೆ ಹೋಗುವ ಮುನ್ನ ಜಾಗವನ್ನು ಅಳೆಯಬೇಕು, ತೂಕವನ್ನು ಲೆಕ್ಕ ಹಾಕಬೇಕು. ಐದು ಜನರ ಸಾಧಾರಣ ತೊಟ್ಟಿ ಸುಮಾರು 350 ಗ್ಯಾಲನ್, ಅಂದರೆ 1,325 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 1,325 ಕಿಲೋ; ಖಾಲಿ ತೊಟ್ಟಿಗೆ 350 ಕಿಲೋ, ಐದು ಜನಕ್ಕೆ ಇನ್ನೊಂದು 350 ಕಿಲೋ ಎಂದಿಟ್ಟುಕೊಂಡರೆ ಎರಡು ಟನ್ ದಾಟುತ್ತದೆ. ಈ ಭಾರವೆಲ್ಲ ಬೀಳುವುದು ನಾಲ್ಕು ಚದರ ಮೀಟರಿನಷ್ಟು ಜಾಗದ ಮೇಲೆ, ಅಂದರೆ ಚದರ ಮೀಟರಿಗೆ 500 ಕಿಲೋ. ಅಮೆರಿಕದ ಮನೆಗಳ ಮರದ ಡೆಕ್ಕನ್ನು ಸಾಮಾನ್ಯವಾಗಿ ಚದರ ಅಡಿಗೆ 40 ಪೌಂಡ್ ಹೊರೆಯ ಲೆಕ್ಕದಲ್ಲಿ ಕಟ್ಟಿರುತ್ತಾರೆ. ತುಂಬಿದ ತೊಟ್ಟಿ ಹೇರುವುದು ಸುಮಾರು 100 ಪೌಂಡ್. ಆದ್ದರಿಂದ ನೆಲದ ಮೇಲೆ, ಕಂಬಿ ಹಾಕಿದ ನಾಲ್ಕಂಗುಲದ ಸಮತಟ್ಟಾದ ಕಾಂಕ್ರೀಟ್ ಹಾಸಿನ ಮೇಲೆ ಕೂರಿಸುವುದೇ ನಿಶ್ಚಿಂತೆ. ಬೆಂಗಳೂರಿಗೆ ಮರಳಿ ತಾರಸಿಯ ಮೇಲೆ ತೊಟ್ಟಿ ಇಡಿಸಬೇಕೆನ್ನುವವರಂತೂ ಇನ್ನೂ ಎಚ್ಚರ ವಹಿಸಬೇಕು: ಭಾರತದ ಮಾನಕ ಐಎಸ್ 875ರ ಪ್ರಕಾರ ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಮಾತ್ರ. ಕಟ್ಟಡದ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪುವ ತನಕ ಮುಂಗಡ ಕೊಡಬಾರದು.

ತೊಟ್ಟಿಯನ್ನು ಮಗ್ಗುಲಾಗಿ ನಿಲ್ಲಿಸಿ ತಳ್ಳಿಕೊಂಡು ತರುತ್ತಾರಾದ್ದರಿಂದ ಗೇಟಿನ ಅಗಲ, ಸೂರಿನ ಎತ್ತರ, ದಾರಿಯಲ್ಲಿರುವ ಗ್ಯಾಸ್ ಮೀಟರು ಎಲ್ಲವನ್ನೂ ಮೊದಲೇ ಅಳೆದಿಡಬೇಕು. ಪಂಪಿರುವ ಬದಿಯ ಫಲಕವನ್ನು ಬಿಚ್ಚಲು ಆಳು ಕೂರುವಷ್ಟು ಜಾಗ ಬಿಡಬೇಕು. ಅಂದಕ್ಕೆಂದು ತೊಟ್ಟಿಯನ್ನು ಗೋಡೆಯ ಮೂಲೆಗೆ ಒತ್ತರಿಸಿದವರು ಮೊದಲ ರಿಪೇರಿಯ ದಿನ ಪಶ್ಚಾತ್ತಾಪ ಪಡುತ್ತಾರೆ.

ಮುಂದಿನ ಪ್ರಶ್ನೆ ವಿದ್ಯುತ್ತಿನದು. ಗೋಡೆಯ ಸಾಮಾನ್ಯ 120 ವೋಲ್ಟ್ ಪ್ಲಗ್ಗಿಗೆ ಸಿಕ್ಕಿಸುವ ತೊಟ್ಟಿಗಳಲ್ಲಿ ಹೀಟರು 1.5 ಕಿಲೋವ್ಯಾಟ್ ಮೀರುವುದು ಅಪರೂಪ. 240 ವೋಲ್ಟಿನವುಗಳಲ್ಲಿ 5.5 ಕಿಲೋವ್ಯಾಟ್ ಸಾಮಾನ್ಯ. ನಲ್ಲಿಯಿಂದ 10 ಡಿಗ್ರಿಯಲ್ಲಿ ಬಂದ 1,325 ಲೀಟರ್ ನೀರನ್ನು 39 ಡಿಗ್ರಿಗೆ ಏರಿಸಲು ಸುಮಾರು 45 ಯೂನಿಟ್ ವಿದ್ಯುತ್ ಬೇಕು. ಶಾಖದ ಸೋರಿಕೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಚಿಕ್ಕ ಹೀಟರಿಗೆ ಇದು 30 ಗಂಟೆಯ ಕೆಲಸ, ದೊಡ್ಡದಕ್ಕೆ ಎಂಟು ಗಂಟೆಯದು. 120 ವೋಲ್ಟಿನ ಅನೇಕ ತೊಟ್ಟಿಗಳಲ್ಲಿ ಜೆಟ್ ಜೋರಾಗಿ ಓಡುವಾಗ ಹೀಟರು ನಿಲ್ಲುತ್ತದೆಯಾದ್ದರಿಂದ ಹಿಮ ಬೀಳುವ ಊರುಗಳಲ್ಲಿ ಕೂತಿರುವಂತೆಯೇ ನೀರು ಆರುತ್ತ ಹೋಗುತ್ತದೆ. ಅಂಥಲ್ಲಿ 240 ವೋಲ್ಟಿನದೇ ಸರಿ, ಆದರೆ ಅದಕ್ಕೆ ಸಾಮಾನ್ಯವಾಗಿ 50 ಆಂಪಿಯರಿನ ಪ್ರತ್ಯೇಕ ಸಂಪರ್ಕ, ಸೋರುವ ವಿದ್ಯುತ್ತನ್ನು ಗುರುತಿಸಿ ಕಡಿದುಹಾಕುವ ಜಿಎಫ್‌ಸಿಐ ಬ್ರೇಕರ್, ಮತ್ತು ತೊಟ್ಟಿಯಿಂದ ಕನಿಷ್ಠ ಐದಡಿ ದೂರದಲ್ಲಿ, ಕಣ್ಣಿಗೆ ಕಾಣುವಂತೆ ಮುಖ್ಯ ಸ್ವಿಚ್ಚು ಬೇಕಾಗುತ್ತವೆ. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಅದರ ಖರ್ಚನ್ನು ತೊಟ್ಟಿಯ ಬೆಲೆಗೆ ಮೊದಲೇ ಸೇರಿಸಿಕೊಳ್ಳಬೇಕು. ಅಮೆರಿಕದ್ದೇ ತೊಟ್ಟಿಯನ್ನು ಊರಿಗೆ ಸಾಗಿಸುವ ಆಸೆಯನ್ನು ಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿನ 60 ಹರ್ಟ್ಸ್ ಪಂಪುಗಳು ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವುದಿಲ್ಲ.

ಗಾಳಿ ತುಂಬಿಸುವ ತೊಟ್ಟಿ ಎಲ್ಲಕ್ಕಿಂತ ಅಗ್ಗ. ಅಭ್ಯಾಸ ಹತ್ತುತ್ತದೆಯೋ ಇಲ್ಲವೋ ಎಂದು ಒಂದು ಬೇಸಿಗೆ ನೋಡಲು ಅದು ಸಾಕು, ಚಳಿಗಾಲಕ್ಕೆ ಸಾಲದು. ದೇವದಾರು ಜಾತಿಯ ಮರದ ತೊಟ್ಟಿ ನೋಡಲು ಚೆಂದ, ಆದರೆ ಒಣಗಿದರೆ ಸೋರುತ್ತದೆ. ಬಹಳ ವರ್ಷ ಬಳಸುವವರಿಗೆ ಅಕ್ರಿಲಿಕ್ ತೊಟ್ಟಿಯೇ ಸೂಕ್ತ. ಅದನ್ನು ನೋಡಲು ಹೋದಾಗ ಫಲಕವನ್ನು ಬಿಚ್ಚಿ ತೋರಿಸಲು ಕೇಳಬೇಕು. ಮೈಪೂರ್ತಿ ಫೋಮ್ ತುಂಬಿದ ತೊಟ್ಟಿ ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಪೈಪು ಸೋರಿದರೆ ಜಾಗ ಹುಡುಕಲು ಫೋಮನ್ನು ಕೆತ್ತಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ನಿಯಮದಂತೆ ಪರೀಕ್ಷೆಗೊಳಪಟ್ಟ ತೊಟ್ಟಿಗಳ ಮೇಲೆ, ಯಾರೂ ಬಳಸದೆ ಸುಮ್ಮನೆ ಬೆಚ್ಚಗಿರಲು ಎಷ್ಟು ವ್ಯಾಟ್ ಬೇಕೆಂಬ ಅಂಕಿ ಬರೆದಿರುತ್ತದೆ. 200 ವ್ಯಾಟ್ ಎಂದಿದ್ದರೆ ತಿಂಗಳಿಗೆ 144 ಯೂನಿಟ್. ನಿಮ್ಮ ಚಳಿ ಹೆಚ್ಚಾದಷ್ಟೂ ಇದು ಏರುತ್ತದೆ. ಎರಡು ತೊಟ್ಟಿಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ನಾನು ಈ ಅಂಕಿಯನ್ನು ನೋಡಿಯೇ ತೀರ್ಮಾನಿಸುತ್ತೇನೆ.

ಜೆಟ್‌ಗಳ ಸಂಖ್ಯೆಗೆ ಮರುಳಾಗಬಾರದು. ಪಂಪಿನ ಬಲ ಅಷ್ಟೇ ಇರುವಾಗ ತೂತು ಹೆಚ್ಚಿದಷ್ಟೂ ಒಂದೊಂದರ ಒತ್ತಡ ಕಡಿಮೆಯಾಗುತ್ತದೆ. ಅನೇಕ ಅಂಗಡಿಗಳು ನೀರು ತುಂಬಿದ ತೊಟ್ಟಿಯಲ್ಲಿ ಕೂತು ನೋಡಲು ಬಿಡುತ್ತವೆ. ಸಂಕೋಚ ಬಿಟ್ಟು ಈಜುಡುಗೆ ಒಯ್ದು ಕೂರಬೇಕು. ಗಿಡ್ಡಗಿರುವವರು ಆಳದ ಆಸನದಲ್ಲಿ ಗದ್ದದವರೆಗೆ ಮುಳುಗುತ್ತಾರೆ, ಒರಗುವ ಆಸನದಲ್ಲಿ ಹಗುರ ಮೈಯವರು ತೇಲಿಹೋಗುತ್ತಾರೆ; ಇದು ಯಾವ ಕರಪತ್ರದಲ್ಲೂ ತಿಳಿಯುವ ಸಂಗತಿಯಲ್ಲ. ಹಳೆಯ ತೊಟ್ಟಿ ಕೊಳ್ಳುವವರು ನೀರು ಹೀರುವ ಬಾಯಿಗಳ ಜಾಲರಿಯನ್ನು ಮೊದಲು ಪರೀಕ್ಷಿಸಬೇಕು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹಾಟ್ ಟಬ್ಬಿನ ಇಂಥ ಬಾಯಿಯ ಸೆಳೆತಕ್ಕೆ ಸಿಕ್ಕಿ ಮುಳುಗಿ ತೀರಿಕೊಂಡಳು. 2007ರ ಸುರಕ್ಷತಾ ಕಾಯ್ದೆಗೆ ಅವಳದೇ ಹೆಸರಿದೆ. ಜಾಲರಿ ಒಡೆದಿದ್ದರೆ ಅಥವಾ ಇಲ್ಲದಿದ್ದರೆ ಅದನ್ನು ಬದಲಿಸುವ ತನಕ ಯಾರನ್ನೂ ನೀರಿಗಿಳಿಸಬಾರದು. ಉದ್ದ ಜಡೆಯವರು ಯಾವಾಗಲೂ ಕೂದಲನ್ನು ಮೇಲೆ ಕಟ್ಟಿಕೊಂಡೇ ಇಳಿಯಬೇಕು.

ಇನ್ನು ನೀರು. ತೋಟದ ಪೈಪನ್ನು ಫಿಲ್ಟರಿನ ಗುಂಡಿಯೊಳಗೆ ಇಳಿಬಿಟ್ಟು ತುಂಬಿದರೆ ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡು ಪಂಪು ಒಣ ಓಡುವ ತೊಂದರೆ ತಪ್ಪುತ್ತದೆ. ತುಂಬಿದ ಮೇಲೆ ಪರೀಕ್ಷಾ ಪಟ್ಟಿ ಅದ್ದಿ ಮೊದಲು ಕ್ಷಾರೀಯತೆಯನ್ನು 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂಬ ಅಳತೆ) ನಡುವೆ ತರಬೇಕು. ಕಡಿಮೆಯಿದ್ದರೆ ಅಡುಗೆ ಸೋಡಾವೇ ಅದನ್ನು ಏರಿಸುತ್ತದೆ. ಆಮೇಲೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ 7.2ರಿಂದ 7.8ರ ನಡುವೆ, ಕ್ಯಾಲ್ಸಿಯಂ ಗಡಸುತನ 150ರಿಂದ 250 ಪಿಪಿಎಂ. ಗಡಸು ಹೆಚ್ಚಾದರೆ ಗೀಸರಿನ ಕಾಯಿಲ್ ಮೇಲೆ ಬೋರ್‌ವೆಲ್ ನೀರು ಕಟ್ಟಿಸುವ ಬಿಳಿ ಪದರವೇ ಇಲ್ಲಿನ ಹೀಟರಿಗೂ ಹತ್ತುತ್ತದೆ. ತೀರ ಮೆದುವಾದರೆ ನೀರು ನೊರೆಯುತ್ತದೆ, ಲೋಹವನ್ನು ತಿನ್ನುತ್ತದೆ. ಈ ಅನುಕ್ರಮಕ್ಕೆ ಕಾರಣವಿದೆ: ಕ್ಷಾರೀಯತೆ ನಿಲ್ಲದೆ ಪಿಎಚ್ ನಿಲ್ಲುವುದಿಲ್ಲ, ಪಿಎಚ್ ಏರಿದರೆ ಕ್ಲೋರಿನ್ ಇದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೆಟ್‌ಗಳು ನೀರನ್ನು ಕಲಕಿದಾಗಲೆಲ್ಲ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿ ಮೇಲೇರುತ್ತದೆ. ಅದನ್ನು ಇಳಿಸಲು ಸೋಡಿಯಂ ಬೈಸಲ್ಫೇಟ್ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಕೊನೆಗೆ ಕ್ರಿಮಿನಾಶಕ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಟ್ ಟಬ್ಬಿಗೆ ಹೇಳುವ ಪ್ರಮಾಣ ಕನಿಷ್ಠ 3 ಪಿಪಿಎಂ ಕ್ಲೋರಿನ್ ಅಥವಾ 4 ಪಿಪಿಎಂ ಬ್ರೋಮಿನ್. ಬಿಸಿಗೂ ಗುಳ್ಳೆಗೂ ಕ್ಲೋರಿನ್ ಬೇಗ ಕರಗಿಹೋಗುವುದರಿಂದ, ಬೆಳಿಗ್ಗೆ ಸರಿಯಿದ್ದ ನೀರು ಸಂಜೆ ನಾಲ್ಕು ಜನ ಎದ್ದ ಮೇಲೆ ಸರಿಯಿರುವುದಿಲ್ಲ. ಇಳಿಯುವ ಮೊದಲೂ ಎದ್ದ ಮೇಲೂ ಪಟ್ಟಿ ಅದ್ದುವುದು ಅತಿ ಎಚ್ಚರಿಕೆಯೇನಲ್ಲ. ಇಲ್ಲಿ ಸೋತ ನೀರಿನಲ್ಲಿ ಸ್ಯೂಡೋಮೊನಸ್ ಎಂಬ ಬ್ಯಾಕ್ಟೀರಿಯ ಬೆಳೆದು ಮೈಮೇಲೆ ಕೆಂಪು ಗುಳ್ಳೆಗಳೇಳುತ್ತವೆ. ಅದಕ್ಕಿಂತ ಕೆಟ್ಟದ್ದು ಲೀಜಿಯೊನೆಲ್ಲಾ, ಅದು ಆವಿಯ ಹನಿಗಳೊಂದಿಗೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ತರುತ್ತದೆ. ಅಂಗಡಿಯವರು ಸುಲಭವೆಂದು ಕೊಡುವ ಡೈಕ್ಲೋರ್ ಎಂಬ ಕ್ಲೋರಿನ್ ಪುಡಿಯಲ್ಲಿ ಸಯನ್ಯೂರಿಕ್ ಆಮ್ಲವಿರುತ್ತದೆ. ಪ್ರತಿ 10 ಪಿಪಿಎಂ ಕ್ಲೋರಿನ್‌ಗೆ ಸುಮಾರು 9 ಪಿಪಿಎಂ ಆಮ್ಲ ಸೇರುತ್ತ ಹೋಗಿ, ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ನೀರು ಬದಲಿಸದೆ ಅದು ಹೋಗುವುದಿಲ್ಲ. ಸಿಡಿಸಿ ಹಾಟ್ ಟಬ್ಬಿಗೆ ಈ ಆಮ್ಲ ಬೇಡವೆಂದೇ ಹೇಳುತ್ತದೆ. ಈಜುಕೊಳದ ಟ್ರೈಕ್ಲೋರ್ ಗುಳಿಗೆಗಳನ್ನೂ ಹಾಕಬಾರದು, ಅವು ತೊಟ್ಟಿಯ ಮೈಯನ್ನೇ ಕೆಡಿಸುತ್ತವೆ. ಓಜೋನ್ ಯಂತ್ರವಿದ್ದರೆ ಕ್ರಿಮಿನಾಶಕ ಬೇಡ ಎನ್ನುವ ಮಾತನ್ನು ನಂಬಬಾರದು. ಅದು ಸಹಾಯಕ ಮಾತ್ರ. ಎರಡು ಬಗೆಯ ಪುಡಿಗಳನ್ನು ಒಂದೇ ಅಳತೆಪಾತ್ರೆಯಲ್ಲಿ ಎಂದೂ ಬೆರೆಸಬಾರದು, ಮತ್ತು ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು.

ನಮ್ಮವರಿಗೆಂದೇ ಒಂದು ಮಾತು. ನರಕ ಚತುರ್ದಶಿಯ ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದ ನೆಂಟರು ತಲೆತುಂಬ ಕೊಬ್ಬರಿಎಣ್ಣೆ ಹಚ್ಚಿಕೊಂಡು, ಹೇಗೂ ಬಿಸಿನೀರಿದೆಯಲ್ಲ ಎಂದು ನೇರವಾಗಿ ತೊಟ್ಟಿಗೇ ಇಳಿದರು. ಅರ್ಧ ಗಂಟೆಯಲ್ಲಿ ನೊರೆ ಅಂಚು ಮೀರಿತು, ಫಿಲ್ಟರು ಜಿಡ್ಡುಗಟ್ಟಿತು, ಮರುದಿನ 1,325 ಲೀಟರನ್ನೂ ಚೆಲ್ಲಬೇಕಾಯಿತು. ಅಭ್ಯಂಜನವನ್ನು ಬಚ್ಚಲಲ್ಲೇ ಮುಗಿಸಿ, ಸೋಪು ಹಚ್ಚಿ ತೊಳೆದುಕೊಂಡ ಮೈಯಲ್ಲಿ ಮಾತ್ರ ತೊಟ್ಟಿಗಿಳಿಯಬೇಕೆಂದು ಅತಿಥಿಗಳಿಗೆ ಮುಖ ನೋಡದೆ ಹೇಳಿಬಿಡುವುದು ಮೇಲು.

ಫಿಲ್ಟರನ್ನು ವಾರಕ್ಕೊಮ್ಮೆ ಪೈಪಿನ ನೀರಿನಲ್ಲಿ ಮಡಿಕೆ ಮಡಿಕೆಯಾಗಿ ತೊಳೆದು, ತಿಂಗಳಿಗೊಮ್ಮೆ ಫಿಲ್ಟರಿಗೆಂದೇ ಇರುವ ದ್ರಾವಣದಲ್ಲಿ ನೆನೆಹಾಕಬೇಕು. ನೀರು ಬದಲಿಸಲು ಹಳೆಯ ಸೂತ್ರವೊಂದಿದೆ: ಗ್ಯಾಲನ್‌ಗಳ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬಂದದ್ದನ್ನು ದಿನವೊಂದಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಬೇಕು. 350 ಗ್ಯಾಲನ್ನಿನಲ್ಲಿ ದಿನಾ ಇಬ್ಬರು ಕೂತರೆ 58 ದಿನ. ಬಳಕೆ ಕಡಿಮೆಯಿದ್ದರೂ ಮೂರು ನಾಲ್ಕು ತಿಂಗಳು ಮೀರಬಾರದು. ಖಾಲಿ ಮಾಡುವ ಮುನ್ನ ಕೊಳವೆ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿದರೆ ಒಳಗೆ ಕಟ್ಟಿದ ಪಾಚಿಯಂಥ ಲೋಳೆ ಎದ್ದು ಬರುತ್ತದೆ. ಮೊದಲ ಸಲ ನೋಡಿದವರು ಆಮೇಲೆ ಇದನ್ನು ಎಂದೂ ತಪ್ಪಿಸುವುದಿಲ್ಲ. ಕ್ಲೋರಿನ್ ಇಳಿದ ಮೇಲೆ, ಊರಿನ ನಿಯಮ ನೋಡಿಕೊಂಡು ನೀರನ್ನು ಹೊರಬಿಡಬೇಕು. ಮುಚ್ಚಳವನ್ನೂ ಆಗಾಗ ಎತ್ತಿ ನೋಡುತ್ತಿರಬೇಕು. ವರ್ಷಗಳು ಕಳೆದಂತೆ ಒಳಗಿನ ಫೋಮ್ ನೀರು ಕುಡಿದು ಭಾರವಾದರೆ ಅದು ಶಾಖ ತಡೆಯುವುದನ್ನು ನಿಲ್ಲಿಸಿದೆ ಎಂದರ್ಥ, ಬದಲಿಸುವುದೇ ಅಗ್ಗ. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗವಿರಲೇಬೇಕು.

ತಾಪ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಮೀರಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬಾರದು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು, ಮದ್ಯ ಕುಡಿದವರಂತೂ ಕೂಡದೇ ಕೂಡದು. ಊರಿನಿಂದ ಬಂದ ತಂದೆತಾಯಿಯರನ್ನು ಪ್ರೀತಿಯಿಂದ ಕೂರಿಸುವಾಗ ರಕ್ತದೊತ್ತಡದ ಮಾತ್ರೆಯನ್ನೂ ಸಕ್ಕರೆ ಕಾಯಿಲೆಯನ್ನೂ ನೆನೆಯಬೇಕು. ಬಿಸಿ ರಕ್ತನಾಳಗಳನ್ನು ಹಿಗ್ಗಿಸಿ ಎದ್ದೊಡನೆ ತಲೆ ಸುತ್ತಿಸಬಹುದು, ಜೋಮು ಹಿಡಿದ ಪಾದಗಳಿಗೆ ಸುಡುವುದೇ ತಿಳಿಯದಿರಬಹುದು.

ಡಿಸೆಂಬರಿನಲ್ಲಿ ಐದಾರು ವಾರ ಊರಿಗೆ ಹೊರಡುವವರು ತೊಟ್ಟಿಯ ವಿದ್ಯುತ್ ಆರಿಸಿ ಹೋಗಬಾರದು. ನೀರು ತುಂಬಿದ ಕೊಳವೆ ಹೆಪ್ಪುಗಟ್ಟಿದರೆ ಸಿಡಿಯುತ್ತದೆ, ಪಂಪೂ ಒಡೆಯುತ್ತದೆ. ತಾಪವನ್ನು ಇಳಿಸಿ, ಹೆಪ್ಪು ತಡೆಯುವ ವ್ಯವಸ್ಥೆ ಓಡುತ್ತಿದೆಯೆಂದು ಖಚಿತಪಡಿಸಿಕೊಂಡು, ನೀರಿನಲ್ಲಿ ತೇಲಿಬಿಡುವ ಬುಟ್ಟಿಗೆ ಬ್ರೋಮಿನ್ ಗುಳಿಗೆ ತುಂಬಿಸಿ, ವಾರಕ್ಕೊಮ್ಮೆ ಮುಚ್ಚಳ ತೆರೆದು ನೋಡಲು ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟು ಹೋಗಬೇಕು. ಅಂಥ ನೆರೆಯವರಿಲ್ಲದಿದ್ದರೆ ಹೊರಡುವ ವಾರವೇ ನೀರೆಲ್ಲ ಖಾಲಿ ಮಾಡಿಸಿ, ಕೊಳವೆಗಳಲ್ಲಿ ಉಳಿದ ನೀರನ್ನು ಗಾಳಿ ಊದಿ ಹೊರಹಾಕಿಸಿ, ಮುಚ್ಚಳಕ್ಕೆ ಬೀಗ ಹಾಕಿಕೊಂಡು ವಿಮಾನ ಹತ್ತಬಹುದು.