ಕೌದಿಯ ಬೆನ್ನಿಗೊಂದು ಹೆಸರಿನ ಪಟ್ಟಿ ಹೊಲಿಯುವುದು ಹೇಗೆ

ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಕೌದಿಗಳಿವೆ. ಒಂದು ಅಜ್ಜಿ ಹೊಲಿದದ್ದು. ಇನ್ನೊಂದು ಯಾರದು ಅಂತ ಯಾರಿಗೂ ಖಾತ್ರಿಯಿಲ್ಲ. ಅಮ್ಮ ತನ್ನ ಸೋದರತ್ತೆಯದು ಅನ್ನುತ್ತಾಳೆ, ದೊಡ್ಡಮ್ಮ ಅಲ್ಲವೇ ಅಲ್ಲ ಅನ್ನುತ್ತಾರೆ, ಬಿಡಿಸಿ ಹೇಳುವ ಹಿರಿಯರು ಯಾರೂ ಈಗ ಉಳಿದಿಲ್ಲ. ಮಳೆಗಾಲದಲ್ಲಿ ಅದನ್ನು ಹೊದ್ದಾಗೆಲ್ಲ ಸಂಕಟವಾಗುತ್ತದೆ. ಇಷ್ಟು ಹೊಲಿಗೆ ಹಾಕಿದವಳ ಹೆಸರೇ ಇಲ್ಲ, ಅಲ್ವಾ?

ಹಾಗಾಗಿ ನಿಮ್ಮ ಮನೆಯಲ್ಲಿ ಕೌದಿ ಇದ್ದರೆ, ಅಥವಾ ಈಗ ನೀವೇ ಹೊಲಿಯುತ್ತಿದ್ದರೆ, ಅದರ ಹಿಂಬದಿಗೆ ಬಟ್ಟೆಯ ಒಂದು ಪಟ್ಟಿ ಹಚ್ಚಿ. ಅಂಗೈ ಅಗಲ ಇದ್ದರೆ ಸಾಕು. ಕಾಗದದ ಚೀಟಿ ಇಟ್ಟರೆ ನಮ್ಮ ಕಡೆಯ ತೇವಕ್ಕೆ ಒಂದೆರಡು ಮಳೆಗಾಲ ಬಾಳಿದರೆ ಹೆಚ್ಚು.

ಮೊದಲ ಕೆಲಸ ಸೂಜಿಯದಲ್ಲ, ಕೇಳುವುದು. ಹೊಲಿದವರು ಇದ್ದರೆ ಇವತ್ತೇ ಹೋಗಿ ಪಕ್ಕದಲ್ಲಿ ಕೂತು ಕೌದಿಯನ್ನು ತೊಡೆಯ ಮೇಲೆ ಹರಡಿ. ಸುಮ್ನೆ "ಯಾವಾಗ ಹೊಲಿದದ್ದು?" ಅಂತ ಕೇಳಿದರೆ "ಅಯ್ಯೋ, ಯಾವಾಗಲೋ" ಅನ್ನುವ ಉತ್ತರ ಬರುತ್ತದೆ. ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು "ಇದು ಯಾರ ಸೀರೆ ಅಜ್ಜಿ?" ಅಂತ ಕೇಳಿ. ಆಗ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ: ಈ ಹಸಿರು ಬಾಣಂತನದಲ್ಲಿ ಉಟ್ಟದ್ದು, ಈ ಗೆರೆಯದು ಅಜ್ಜನ ಅಂಗಿ, ಈ ನೈಲೆಕ್ಸ್ ಸೀರೆ ಚಿಕ್ಕಮ್ಮ ಮದುವೆಗೆ ತಂದದ್ದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಆರಿಸಿ ಬರೆಯಬಹುದು.

ಪಟ್ಟಿಯಲ್ಲಿ ಏನಿರಬೇಕು? ಎಲ್ಲಕ್ಕಿಂತ ಮೊದಲು ಹೊಲಿದವರ ಪೂರ್ತಿ ಹೆಸರು. "ಅಜ್ಜಿ ಹೊಲಿದದ್ದು" ಅಂತ ಮಾತ್ರ ಬರೆಯಬೇಡಿ. ನಿಮಗೆ ಅಜ್ಜಿ ಆದವರು ನಿಮ್ಮ ಮೊಮ್ಮಗಳಿಗೆ ಯಾರೋ ಆಗಿರುತ್ತಾರೆ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ತವರಿನ ಹೆಸರನ್ನೂ ಬರೆಯಿರಿ, ಅದು ಕೌದಿಗಿಂತ ಬೇಗ ಕಳೆದುಹೋಗುತ್ತದೆ. ಯಾರಿಗಾಗಿ ಹೊಲಿದದ್ದು, ಯಾವ ಸಂದರ್ಭಕ್ಕೆ ಅನ್ನುವುದೂ ಬೇಕು.

ಊರಿನ ವಿಷಯದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯವರು ಸ್ವಲ್ಪ ಜಾಸ್ತಿ ಎಚ್ಚರ ವಹಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನಡಿ ಹೋದವು, ಅಲ್ಲಿಯ ಮನೆಗಳು ಬೇರೆ ಕಡೆಗೆ ಎದ್ದು ಬಂದವು. ಅಂಥ ಮನೆತನದ ಕೌದಿಯಾಗಿದ್ದರೆ ಈಗಿನ ಊರಿನ ಜೊತೆ ಮುಳುಗಿದ ಊರಿನ ಹೆಸರನ್ನೂ ಬರೆಯಿರಿ. ತಾಲ್ಲೂಕಿನ ಹೆಸರೂ ಇರಲಿ, ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ.

ಇಸವಿ ನೆನಪಿಲ್ಲದ ಹಿರಿಯರಿಗೆ ಸಂವತ್ಸರ ನೆನಪಿರಬಹುದು. ಆದರೆ ಬರೀ "ಕ್ರೋಧಿ" ಅಂತ ಬರೆದರೆ ಮುಂದೆ ಓದುವವರಿಗೆ ಗೊಂದಲ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ: 1964ರ ಯುಗಾದಿಗೂ ಕ್ರೋಧಿ ಶುರುವಾಯಿತು, 2024ರ ಯುಗಾದಿಗೂ. ಸಂವತ್ಸರ, ಇಸವಿ ಎರಡನ್ನೂ ಬರೆಯಿರಿ. ಅಂದಾಜಾಗಿದ್ದರೆ "ಸುಮಾರು" ಅಂತಲೇ ಸೇರಿಸಿ, ಊಹೆಯನ್ನು ನಿಜದ ಹಾಗೆ ಬರೆಯಬೇಡಿ.

ಬಟ್ಟೆಗೆ ಬಿಳಿ ಅಥವಾ ಕೋರಾ ಬಣ್ಣದ ಹತ್ತಿಯೇ ಆಗಬೇಕು. ಹಳೇ ಪಂಚೆಯ ಗಟ್ಟಿ ಇರುವ ಜಾಗ ತುಂಬಾ ಒಳ್ಳೆಯದು, ನಯವಾಗಿರುತ್ತದೆ, ಕುಗ್ಗುವುದೆಲ್ಲ ಆಗಲೇ ಕುಗ್ಗಿರುತ್ತದೆ. ಹೊಸ ಬಟ್ಟೆಯಾದರೆ ಬಿಸಿನೀರಿನಲ್ಲಿ ನೆನೆಸಿ ಒಗೆದು ಗಂಜಿ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪಟ್ಟಿ ಸುರುಟಿಕೊಂಡು ಕೌದಿಯನ್ನೂ ಎಳೆಯುತ್ತದೆ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದ ಬೇಕಿದ್ದರೆ ಮಡಚಲು ಸುತ್ತ ಅರ್ಧ ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ.

ಬರೆಯಲು ಬಾಲ್ ಪೆನ್ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ದಪ್ಪ ಪರ್ಮನೆಂಟ್ ಮಾರ್ಕರ್ ಕೂಡ ಬೇಡ. ನನ್ನ ಮೊದಲ ಪಟ್ಟಿಯನ್ನು ಅದರಲ್ಲೇ ಬರೆದಿದ್ದೆ, ಅಕ್ಷರದ ಸುತ್ತ ಶಾಯಿ ಹರಡಿ ಒತ್ತಕ್ಷರಗಳೆಲ್ಲ ಮುದ್ದೆಯಾದವು. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಪಿಗ್ಮೆಂಟ್ ಶಾಯಿಯ ಸಣ್ಣ ಮೊನೆಯ ಪೆನ್ನು ಸಿಗುತ್ತದೆ, ಪಿಗ್ಮಾ ಮೈಕ್ರಾನ್ ಥರದ್ದು. 05 ಅಂತ ಬರೆದಿರುವ ಮೊನೆ ಕನ್ನಡ ಅಕ್ಷರಕ್ಕೆ ಸರಿಯಾಗುತ್ತದೆ. ಮೊದಲು ಅದೇ ಬಟ್ಟೆಯ ಬೇರೆ ಚೂರಿನ ಮೇಲೆ ಬರೆದು, ಇಸ್ತ್ರಿ ಹಾಕಿ, ಒಗೆದು ನೋಡಿ. ಬಟ್ಟೆ ಜಾರದಂತೆ ಅಡಿಯಲ್ಲಿ ಉಪ್ಪು ಕಾಗದ (ಸ್ಯಾಂಡ್ ಪೇಪರ್) ಇಟ್ಟುಕೊಳ್ಳಿ, ನಿಧಾನಕ್ಕೆ, ಪೆನ್ನು ಒತ್ತದೆ, ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆಯಿರಿ. ಒಂದು ದಿನ ಬಿಟ್ಟು ಮೇಲೆ ತೆಳ್ಳನೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿ. ಈ ಇಸ್ತ್ರಿಯನ್ನು ಕೌದಿಗೆ ಹೊಲಿಯುವ ಮೊದಲೇ ಮುಗಿಸಬೇಕು. ಆಮೇಲೆ ಒತ್ತಿದರೆ ಕೌದಿಯಲ್ಲಿರುವ ನೈಲಾನ್ ಚೂರುಗಳು ಕರಗಿ ಅಂಟಿಕೊಳ್ಳುತ್ತವೆ.

ಇನ್ನೂ ಗಟ್ಟಿ ಬೇಕೆಂದರೆ ಕಸೂತಿ ದಾರದಲ್ಲೇ ಹೆಸರು ಹೊಲಿಯಿರಿ. ಆರು ಎಳೆಯ ದಾರದಲ್ಲಿ ಎರಡೇ ಎಳೆ ತೆಗೆದುಕೊಳ್ಳಿ, ಬಣ್ಣ ಬಿಡುವುದಿಲ್ಲ ಅಂತ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಹೆಸರು, ಊರು, ಇಸವಿ ದಾರದಲ್ಲಿ, ಉಳಿದ ಕಥೆ ಪೆನ್ನಿನಲ್ಲಿ. ನನಗೆ ಹೀಗೆ ಮಾಡುವುದೇ ಇಷ್ಟ.

ಹಚ್ಚುವ ಜಾಗ ಹಿಂಬದಿಯ ಕೆಳಗಿನ ಮೂಲೆ, ಅಂಚಿನಿಂದ ನಾಲ್ಕು ಬೆರಳು ಒಳಗೆ. ತೀರಾ ಅಂಚಿಗೆ ಹಾಕಿದರೆ ಎಳೆದಾಟದಲ್ಲಿ ಸವೆಯುತ್ತದೆ. ಪಕ್ಕದ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕೌದಿಯಾದರೆ ಮೂಲೆಯಲ್ಲಿ ಮಡಚಿದ ತ್ರಿಕೋನದ ಚೂರುಗಳಿರುತ್ತವೆ. ಅವರ ಕೆಲಸಕ್ಕೆ ಅದೇ ಗುರುತು, ಅದರ ಮೇಲೆ ಮಾತ್ರ ಪಟ್ಟಿ ಹಾಕಬೇಡಿ.

ಅಂಚು ಮಡಚಿ ಸಣ್ಣ ಸೂಜಿಯಲ್ಲಿ, ಹತ್ತಿ ದಾರದಲ್ಲಿ, ಒತ್ತೊತ್ತಾಗಿ ಹೆಮ್ಮಿಂಗ್ ಮಾಡಿ. ಹಳೇ ಕೌದಿಯಾದರೆ ಸೂಜಿ ಹಿಂಬದಿಯ ಒಂದೇ ಪದರವನ್ನು ಹಿಡಿಯಬೇಕು, ಮುಂದಕ್ಕೆ ತೂರಬಾರದು. ದಬ್ಬಣ ಹತ್ತಿರವೂ ತರಬೇಡಿ, ಸವೆದ ಸೀರೆಯಲ್ಲಿ ಅದು ಮಾಡುವ ತೂತು ಮುಚ್ಚುವುದಿಲ್ಲ. ಹೊಸ ಕೌದಿಯಾದರೆ ಇನ್ನೂ ಒಳ್ಳೆಯ ದಾರಿ ಇದೆ: ಪಟ್ಟಿಯನ್ನು ಮೊದಲೇ ಹಿಂಬದಿಗೆ ಹಚ್ಚಿ, ಆಮೇಲೆ ಕೌದಿಯ ಸಾಲು ಹೊಲಿಗೆಯನ್ನು ಅದರ ಮೇಲೆಯೇ ಹಾಯಿಸಿ. ಆಗ ಅದನ್ನು ಕಿತ್ತು ತೆಗೆಯುವುದು ಸುಲಭವಲ್ಲ. ಇಸ್ತ್ರಿ ಒತ್ತಿ ಅಂಟಿಸುವ ಗೋಂದಿನ ಪಟ್ಟಿಗಳನ್ನು ನಾನು ನಂಬುವುದಿಲ್ಲ, ವರ್ಷ ಕಳೆದಂತೆ ಗೋಂದು ಬಿಡುತ್ತದೆ, ಕಲೆಯೂ ಆಗುತ್ತದೆ.

ಪಟ್ಟಿಯ ಕೊನೆಯ ಸಾಲಿನಲ್ಲಿ ಒಗೆಯುವ ಬಗೆ ಬರೆಯಿರಿ: "ತಣ್ಣೀರು, ಅಂಟುವಾಳ, ನೆರಳಲ್ಲಿ ಒಣಗಿಸಿ." ಮಳೆಗಾಲದಲ್ಲಿ ಒಗೆಯಲೇಬೇಡಿ, ಒಳಗಿನ ಪದರ ಒಣಗದೆ ಬೂಷ್ಟು ಹಿಡಿಯುತ್ತದೆ. ಹೊಲಿದಾದ ಮೇಲೆ ಪಟ್ಟಿಯದೂ ಇಡೀ ಕೌದಿಯದೂ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ.

ನಮ್ಮ ಎರಡನೇ ಕೌದಿಗೂ ಕಳೆದ ಬೇಸಿಗೆಯಲ್ಲಿ ಪಟ್ಟಿ ಹಚ್ಚಿದೆ. "ಹೊಲಿದವರು ಯಾರೆಂದು ಖಚಿತವಿಲ್ಲ" ಅಂತ ಬರೆದು, ಅಮ್ಮ ಹೇಳುವ ಹೆಸರನ್ನು ಅಮ್ಮನ ಹೆಸರಿನ ಮುಂದೆ, ದೊಡ್ಡಮ್ಮ ಹೇಳುವುದನ್ನು ಅವರ ಹೆಸರಿನ ಮುಂದೆ ಹಾಕಿದ್ದೇನೆ. ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಯಾರದ್ದಾದರೂ ಹಳೇ ಫೋಟೋದಲ್ಲಿ ಆ ಕೆಂಪು ಚೌಕಳಿ ಸೀರೆ ಕಂಡರೆ ಅಲ್ಲಿ ಬರೆಯಬೇಕು.