ಇಟ್ಟಿಗೆಯ ಹಿಂದಿನ ಮರ: ನೆರೆ ಬಂದು ಹೋದ ಮನೆಯನ್ನು ನೋಡುವ ಬಗೆ

ಊರಿನಿಂದ ಬಂದವರು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮನೆ ನೋಡಲು ಹೋದಾಗ ಮೊದಲು ಮೆಚ್ಚುವುದು ಹೊರಗಿನ ಇಟ್ಟಿಗೆಯನ್ನು. ಒಳಗೆ ಹೋಗಿ ಗೋಡೆಯನ್ನೊಮ್ಮೆ ತಟ್ಟಿ ನೋಡಿ, ಡಬಡಬ ಎನ್ನುತ್ತದೆ. ಇಲ್ಲಿ ಇಟ್ಟಿಗೆ ಬರಿಯ ಹೊದಿಕೆ. ಸೂರಿನ ಭಾರ ಹೊರುವುದು ಅದರ ಹಿಂದಿನ ಮರದ ಚೌಕಟ್ಟು. ಬಿರುಗಾಳಿಗೆ ಆ ಚೌಕಟ್ಟು ವಾಲದಂತೆ ಹಿಡಿದಿಡುವುದು ಅದಕ್ಕೆ ಹೊಡೆದ ಓಎಸ್‌ಬಿ ಎಂಬ ಮರದ ಚಕ್ಕೆಯ ಹಲಗೆ.

2017ರ ಆಗಸ್ಟ್ ಕೊನೆಯಲ್ಲಿ ಹಾರ್ವೆ ಚಂಡಮಾರುತ ಬಂದಾಗ, ಹ್ಯೂಸ್ಟನ್ನಿಗೆ ಪೂರ್ವದಲ್ಲಿರುವ ನೆಡರ್‌ಲೆಂಡ್ ಎಂಬ ಊರಿನಲ್ಲಿ 60 ಇಂಚು ಮೀರಿ ಮಳೆ ಸುರಿಯಿತು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೆ ಬೀಳುವುದಕ್ಕಿಂತ ಹೆಚ್ಚು! ಅಡಿಕ್ಸ್, ಬಾರ್ಕರ್ ಜಲಾಶಯಗಳಿಂದ ನೀರು ಬಿಟ್ಟ ಮೇಲೆ ಪಶ್ಚಿಮ ಹ್ಯೂಸ್ಟನ್ನಿನ ಹಲವು ಮನೆಗಳಲ್ಲಿ ಅದು ದಿನಗಟ್ಟಲೆ ನಿಂತಿತು.

ಓಎಸ್‌ಬಿ ಎಂದರೆ ಮರದ ತೆಳು ಚಕ್ಕೆಗಳಿಗೆ ಅಂಟು, ಮೇಣ ಬೆರೆಸಿ ಬಿಸಿಯಲ್ಲಿ ಒತ್ತಿದ ಹಲಗೆ. ಅವಲಕ್ಕಿಯನ್ನು ನೆನೆಸಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒತ್ತಿ ತೆಳ್ಳಗಾಗಿಸಿದ್ದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನಷ್ಟು ತೆಳ್ಳಗಾಗುವುದಿಲ್ಲ. ಅಂಟು ನೀರಿನಲ್ಲಿ ಕರಗುವಂಥದ್ದಲ್ಲ. ಚಕ್ಕೆಗಳು ಉಬ್ಬುವಾಗ ಬೆಸುಗೆ ಬಿಡುತ್ತದೆ, ಮೊಳೆಯ ಹಿಡಿತ ಸಡಿಲವಾಗುತ್ತದೆ. ಅಂಚಿನಲ್ಲಿಯೇ ಹೆಚ್ಚು ಉಬ್ಬುವುದರಿಂದ ಮೊದಲು ಅಂಚು ನೋಡಿ. ಕಟ್ಟುವ ಕಾಲದ ನಾಲ್ಕು ಮಳೆಯನ್ನು ಅದು ತಾಳುತ್ತದೆ. ವಾರಗಟ್ಟಲೆ ನೀರಲ್ಲಿ ನಿಲ್ಲಲು ಅದನ್ನು ಮಾಡಿದ್ದಲ್ಲ.

ಕಂಬದ ಮೇಲೆ ಎತ್ತಿ ಕಟ್ಟಿದ ಮನೆಯಾದರೆ ನೆಲದಡಿಗೂ ಇಣುಕಿ. ಅಲ್ಲಿ ಇಂಗ್ಲಿಷಿನ ಐ ಅಕ್ಷರದಂಥ ಜಂತೆಗಳಿರಬಹುದು: ಮೇಲೆ ಕೆಳಗೆ ಮರದ ಪಟ್ಟಿ, ನಡುವೆ ಅರ್ಧ ಇಂಚೂ ದಪ್ಪವಿರದ ಓಎಸ್‌ಬಿ. ಆ ನಡುಹಲಗೆ ಪಟ್ಟಿಗೆ ಸೇರುವ ಸಂದಿನಲ್ಲಿ ಬಿರುಕು ಕಂಡರೆ ನೀವೇ ತೇಪೆ ಹಾಕಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ತೆಳು ಮರದ ಹಾಳೆಗಳನ್ನು ಅಂಟಿಸಿ ಮಾಡಿದ ಎಲ್‌ವಿಎಲ್ ತೊಲೆಯ ಪದರಗಳು ಇದಕ್ಕಿಂತ ಗಟ್ಟಿ. ಆದರೂ ಪದರ ಬಿಟ್ಟಿದೆಯೇ, ಜಂತೆ ಹಿಡಿದಿರುವ ಲೋಹದ ಕೊಂಡಿಗೆ ತುಕ್ಕು ಹತ್ತಿದೆಯೇ ಎಂದು ನೋಡಲೇಬೇಕು.

ಹಾರ್ವೆಯ ನಂತರ ಈ ಪುಟ ಬರೆಯುತ್ತಿರುವವನ ಮನೆಯಲ್ಲಿ ರಿಪೇರಿಯವನು ಒಂಬತ್ತನೇ ದಿನಕ್ಕೇ ಹೊಸ ಡ್ರೈವಾಲ್ (ಗೋಡೆಯ ಒಳಮೈಯ ಜಿಪ್ಸಮ್ ಹಲಗೆ) ಹೊಡೆದು ಬಣ್ಣ ಬಳಿದು ಹೋದ. ನಾವೂ ಕೈಮುಗಿದೆವು. ಚಳಿಗಾಲಕ್ಕೆ ಗೋಡೆಯ ಬುಡದ ಮರದ ಪಟ್ಟಿ ಹೊರಕ್ಕೆ ಉಬ್ಬಿತು, ಅಡುಗೆಮನೆಯಲ್ಲಿ ಹಳೇ ಗೋಣಿಚೀಲದ ವಾಸನೆ. ಕಿತ್ತು ನೋಡಿದರೆ ಓಎಸ್‌ಬಿಯ ಕೆಳಗಿನ ಅಂಚು ಊದಿ ರಸ್ಕಿನ ಹಾಗಾಗಿತ್ತು; ಉಗುರು ಹಾಕಿದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು.

ಆದ್ದರಿಂದ, ನೀರು ಇಳಿದ ಕೂಡಲೇ, ವಿದ್ಯುತ್ ಬಂದ್ ಆಗಿದೆಯೆಂದು ಖಚಿತಪಡಿಸಿಕೊಂಡು, ನೆನೆದ ಡ್ರೈವಾಲನ್ನೂ ಶಾಖ ತಡೆಯಲು ಒಳಗೆ ತುಂಬಿದ ಇನ್ಸುಲೇಷನ್ನನ್ನೂ ನೀರಿನ ಗುರುತಿಗಿಂತ ಮೇಲಿನವರೆಗೆ ಕಿತ್ತುಹಾಕಿ. ಬೂಸ್ಟು ಒಂದೆರಡು ದಿನದಲ್ಲೇ ಶುರುವಾಗುತ್ತದೆ. ಕಿಟಕಿ ತೆರೆದರೆ ಒಣಗುತ್ತದೆ ಎನ್ನುವುದು ನಮ್ಮ ಬಯಲುಸೀಮೆಯ ಮಾತು, ಹ್ಯೂಸ್ಟನ್ನಿನ ಆಗಸ್ಟಿನಲ್ಲಿ ಒಳಗೆ ಬರುವುದು ಇನ್ನಷ್ಟು ತೇವ. ವಿದ್ಯುತ್ ಮರಳಿದ ಮೇಲೆ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ತೇವ ಹೀರುವ ಯಂತ್ರ ಓಡಿಸಿ. ಹೊರಗೆ ಇಟ್ಟಿಗೆಯ ಬುಡದಲ್ಲಿ ಕಾಣುವ ಸಣ್ಣ ಸಂದುಗಳನ್ನು ಇರುವೆ ಬರುತ್ತದೆಂದು ಸಿಮೆಂಟಿನಿಂದ ಮುಚ್ಚಬೇಡಿ. ಹಿಂದಿನ ನೀರು ಹೊರಹೋಗುವುದೇ ಅಲ್ಲಿಂದ.

ಗೋಡೆ ಮುಚ್ಚುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ, ತೇವ ಅಳೆಯುವ ಮೀಟರ್ ನೋಡಿ. ಮರದ ತೇವ ಶೇಕಡ 16ಕ್ಕೆ ಇಳಿಯುವವರೆಗೆ ಕಾಯುವುದು ಒಳ್ಳೆಯದು. ಅದಕ್ಕೆ ವಾರಗಳೇ ಹಿಡಿಯಬಹುದು. ಓಎಸ್‌ಬಿಯ ಅಂಟು ಮೀಟರನ್ನು ದಾರಿ ತಪ್ಪಿಸುವುದರಿಂದ ನೀರು ಮುಟ್ಟದ ಮೇಲಿನ ಭಾಗದಲ್ಲೂ ಅಳೆದು ಹೋಲಿಸಿ.

ಸಾಮಾನ್ಯ ಮನೆ ವಿಮೆ ನೆರೆಗೆ ಬರುವುದಿಲ್ಲ. ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುವುದರಿಂದ ಬಿರುಗಾಳಿಯ ಸುದ್ದಿ ಕೇಳಿ ಕೊಂಡರೆ ಉಪಯೋಗವಿಲ್ಲ. ಕಿತ್ತ ಪ್ರತಿ ಗೋಡೆಯ ಚಿತ್ರ ತೆಗೆದಿಡಿ. ಹಳೆ ಮನೆ ಕೊಳ್ಳುವವರು ಮಾರುವವರ ಹೇಳಿಕೆಪತ್ರದಲ್ಲಿ ನೆರೆಯ ಪ್ರಶ್ನೆಗೆ ಏನು ಬರೆದಿದ್ದಾರೆಂದು ಓದಿ, ಹೊಸ ಬಣ್ಣ ಗೋಡೆಯ ಕೆಳಭಾಗಕ್ಕೆ ಮಾತ್ರ ಬಿದ್ದಿದ್ದರೆ ಕಾರಣ ಕೇಳಿ.

ಹ್ಯೂಸ್ಟನ್ನಿನ ನಮ್ಮ ಸಂಘದ ಬಳಿ ಎರಡು ತೇವದ ಮೀಟರುಗಳಿವೆ. ಒಯ್ಯಿರಿ, ಬ್ಯಾಟರಿ ಮಾತ್ರ ನಿಮ್ಮದು.