ಒಂದೇ ಕಾಫಿ ಪ್ರಿಮಿಕ್ಸ್, ಮೂರು ಕಡೆಯ ಹಲಾಲ್: ನನ್ನ ಅನುಭವ

ಚಿಕ್ಕಮಗಳೂರಿನಿಂದ ಹೋಗುವ ಹಸಿ ಕಾಫಿ ಬೀಜಕ್ಕೆ ಹಲಾಲ್ ವಿಚಾರದಲ್ಲಿ ಹೆಚ್ಚು ತೊಡಕಿಲ್ಲ. ಅದಕ್ಕೆ ಕ್ರೀಮರ್, ಫ್ಲೇವರ್ ಸೇರಿ ಪ್ರಿಮಿಕ್ಸ್ (ಬಿಸಿನೀರಿಗೆ ಹಾಕಿ ಕುಡಿಯುವ ಸಿದ್ಧ ಪುಡಿ) ಆದಾಗ ಕೆಲಸ ಶುರು. ಒಂದೊಂದು ಕಡೆಗೆ ಒಂದೊಂದು ಹಲಾಲ್ ನಿಯಮ: ಮಲೇಷ್ಯಾಕ್ಕೆ ಎಂಎಸ್ 1500 ಮಾನದಂಡ, ಕೊಲ್ಲಿ ದೇಶಗಳಿಗೆ ಜಿಎಸ್‌ಒ 2055-1 ಮಾನದಂಡ, ಇಂಡೋನೇಷ್ಯಾಕ್ಕೆ 2014ರ 33ನೇ ಕಾಯ್ದೆ.

ಮೂರಕ್ಕೂ ಬೇರೆ ಬೇರೆ ಫೈಲ್ ಮಾಡಲಿಲ್ಲ. ಒಂದೇ ಶೀಟಿನಲ್ಲಿ ಸಾಲಿಗೊಂದು ಕಚ್ಚಾವಸ್ತು, ಕಾಲಮ್ಮಿಗೊಂದು ದೇಶ. ಮೂರರಲ್ಲಿ ಯಾವುದು ಬಿಗಿಯೋ ಅದೇ ನಮ್ಮ ನಿಯಮ.

ಅತಿ ಹೆಚ್ಚು ಪತ್ರ ಬರೆಸಿದ್ದು ಕ್ರೀಮರ್. ಅದರಲ್ಲಿನ ಇ471 (ಎಣ್ಣೆ, ನೀರು ಬೆರೆತು ನಿಲ್ಲಿಸುವ ವಸ್ತು) ತಾಳೆಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ. ಚೀಲ ನೋಡಿದರೆ ತಿಳಿಯದು. ಹಾಲಿನ ಪ್ರೋಟೀನಿನಿಂದಾದ ಸೋಡಿಯಂ ಕ್ಯಾಸಿನೇಟ್ ಇದ್ದರೆ ಹಾಲನ್ನು ಆಮ್ಲದಿಂದ ಒಡೆದದ್ದೋ ರೆನೆಟ್ ಎಂಬ ಕಿಣ್ವದಿಂದಲೋ ಕೇಳಬೇಕು. ರೆನೆಟ್ ಆದರೆ ಅದು ಕರುವಿನದೋ, ಸೂಕ್ಷ್ಮಜೀವಿಯದೋ? ನಮ್ಮ ಹಸಿರು ಚುಕ್ಕಿಯನ್ನು ನಂಬಿ ಇಲ್ಲಿ ನಿಲ್ಲಬೇಡಿ: ಫ್ಲೇವರ್ ಕರಗಿಸಿದ್ದು ಎಥನಾಲ್‌ನಲ್ಲೋ (ಅಂದರೆ ಆಲ್ಕೋಹಾಲ್‌ನಲ್ಲೋ) ಅಲ್ಲವೋ ಎಂಬುದನ್ನು ಆ ಚುಕ್ಕಿ ಹೇಳುವುದಿಲ್ಲ. ಪುಡಿ ಫ್ಲೇವರ್ ಆದರೂ ಒಣಗಿಸುವ ಮೊದಲಿನ ದ್ರಾವಕ ಯಾವುದೆಂದು ಬರಹದಲ್ಲೇ ತರಿಸಿ. ನಾವು ಪ್ರೊಪಿಲೀನ್ ಗ್ಲೈಕಾಲ್ ಎಂಬ ಬೇರೆ ದ್ರಾವಕದಲ್ಲಿ ಕರಗಿಸಿದ ಫ್ಲೇವರ್‌ಗೆ ಬದಲಾಯಿಸಿದೆವು, ಮೂರೂ ಕಾಲಮ್ಮಿನ ಪ್ರಶ್ನೆ ಒಟ್ಟಿಗೆ ತೀರಿತು.

ಯಂತ್ರದ ಗ್ರೀಸ್ ಮೇಲೆ ಎಚ್1 ಎಂದಿದ್ದರೆ ಅಕಸ್ಮಾತ್ ಆಹಾರಕ್ಕೆ ತಗುಲಿದರೂ ಪರವಾಗಿಲ್ಲ ಎಂದಷ್ಟೇ ಅರ್ಥ, ಹಲಾಲ್ ಎಂದಲ್ಲ. ಗುಡಿಸುವ ಬ್ರಷ್ ನೈಲಾನ್‌ನದೇ ಇರಲಿ. ಹಂದಿಕೂದಲಿನದು ಲೈನಿಗೆ ತಗುಲಿದ್ದರೆ ಮಲೇಷ್ಯಾ ಕ್ರಮದಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ.

ಇಷ್ಟಾದರೂ ಸರಕು ಸಿಕ್ಕಿಬೀಳುವುದು ಬೇರೆ ಕಾರಣಕ್ಕೆ. ಮಾನದಂಡದ ಅಂಶಗಳು ಹೊಂದಿದರೂ ಹಲಾಲ್ ಪತ್ರ ಕೊಟ್ಟ ಸಂಸ್ಥೆಯನ್ನು ಆ ದೇಶ ಒಪ್ಪಿರಬೇಕು. ಹಾಗಾಗಿ ಮೊದಲು ಹಲಾಲ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಳಾದ ಮಲೇಷ್ಯಾದ ಜಾಕಿಮ್, ಇಂಡೋನೇಷ್ಯಾದ ಬಿಪಿಜೆಪಿಎಚ್, ಜೊತೆಗೆ ಕೊಲ್ಲಿಯ ಮಾನ್ಯತಾ ಕೇಂದ್ರ, ಈ ಮೂರೂ ಒಪ್ಪಿದ ಸಂಸ್ಥೆಗಳ ಪಟ್ಟಿ ತೆರೆದು ಎಲ್ಲದರಲ್ಲೂ ಇರುವ ಸಂಸ್ಥೆಯನ್ನು ಹುಡುಕಿ, ಆಮೇಲೆ ಆಡಿಟ್‌ಗೆ ದುಡ್ಡು ಕಟ್ಟಿ. ಹೆಸರಿದ್ದರೆ ಸಾಲದು, ವ್ಯಾಪ್ತಿ ನೋಡಿ: ಕಸಾಯಿಖಾನೆಗೆ ಮಾತ್ರ ಮಾನ್ಯತೆ ಇದ್ದರೆ ಪ್ರಿಮಿಕ್ಸ್‌ಗೆ ಪ್ರಯೋಜನವಿಲ್ಲ. ಪಟ್ಟಿ ಬದಲಾಗುತ್ತಿರುತ್ತದೆ, ಪ್ರತಿ ನವೀಕರಣಕ್ಕೂ ಮೊದಲು ಮತ್ತೆ ತೆರೆಯಿರಿ.

ಸರಬರಾಜುದಾರರ ಪತ್ರದಲ್ಲಿ ವ್ಯಾಪಾರಿಯ ವಿಳಾಸವಲ್ಲ, ತಯಾರಾದ ಕಾರ್ಖಾನೆಯ ವಿಳಾಸ ಇರಬೇಕು. ಬ್ಯಾಚ್ ತಯಾರಾದ ದಿನ ಆ ಪತ್ರ ಚಾಲ್ತಿಯಲ್ಲಿತ್ತೇ ಎಂಬುದನ್ನು ಶೀಟಿನಲ್ಲೇ ಬರೆದಿಡಿ. ಇಂಡೋನೇಷ್ಯಾದಲ್ಲಿ ಆಮದು ಆಹಾರ, ಪಾನೀಯಗಳಿಗೆ ಹಲಾಲ್ ಪತ್ರ ಪಡೆಯಲು ಕೊಟ್ಟ ಗಡುವು 2026ರ ಅಕ್ಟೋಬರ್ 17. ಇಲ್ಲಿ ಪಡೆದ ಪತ್ರವನ್ನು ಅಲ್ಲಿ ನೋಂದಾಯಿಸುವ ಕೆಲಸವನ್ನು ಕೊಳ್ಳುವವರ ಜೊತೆಗಿನ ಕರಾರಿನಲ್ಲೇ ಸೇರಿಸಿ.